ಹಿನ್ನೋಮ್ ಕಣಿವೆಯಿಂದ ನರಕದವರೆಗೆ

ಓದುಗ ಸೋದರಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರವೊಂದು ಎರಡು ತಿಂಗಳಿಂದ ನನ್ನ ಮೇಜಿನ ಮೇಲಿದೆ. ಅವರ ಅತ್ತೆಯವರು ಈಚೆಗೆ ತೀರಿಕೊಂಡರು. ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಅಜ್ಜಿಯ ಮಡಿಲಲ್ಲೇ ಬೆಳೆದವಳು. ಒಂದು ಸಂಜೆ ಶಾಲೆಯಿಂದ ಬಂದವಳು ಊಟ ಬಿಟ್ಟು ಕುಳಿತಳಂತೆ. ವಿಚಾರಿಸಲಾಗಿ, ಯೇಸುವನ್ನು ನಂಬದೆ ಸತ್ತವರೆಲ್ಲ ನರಕದ ಬೆಂಕಿಯಲ್ಲಿ ಬೇಯುತ್ತಾರೆಂದು ಸಹಪಾಠಿಯೊಬ್ಬಳು ಹೇಳಿದ್ದಳಂತೆ. ಅಜ್ಜಿಯೂ ಅಲ್ಲಿಯೇ ಇದ್ದಾಳೆಯೇ ಎಂಬುದು ಮಗುವಿನ ಪ್ರಶ್ನೆ. ಕ್ರೈಸ್ತ ಧರ್ಮ ನಿಜವಾಗಿಯೂ ಹೀಗೆ ಹೇಳುತ್ತದೆಯೇ, ಹೇಳುವುದಾದರೆ ಎಂದಿನಿಂದ ಹೇಳುತ್ತಿದೆ ಎಂದು ಆ ತಾಯಿ ಕೇಳಿದ್ದಾರೆ.

ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ನರಕವೆಂಬ ಕಲ್ಪನೆಗೂ ಒಂದು ಇತಿಹಾಸವುಂಟು. ಅದಕ್ಕೆ ಹುಟ್ಟಿದ ಊರುಂಟು, ಬೆಳೆದ ಕಾಲವುಂಟು, ಅದನ್ನು ಬೆಳೆಸಿದವರೂ ಅದರೊಡನೆ ಸೆಣಸಿದವರೂ ಉಂಟು. ಆ ಇತಿಹಾಸವನ್ನು ತಿಳಿಯದೆ ಮೊದಲನೆಯ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರಿಸಲಾಗದು.

ಮೊದಲು ಪದದ ವಿಚಾರ. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲನ್ನು ತೆರೆದು ನೋಡಿದರೆ ಕೆಲವೆಡೆ ‘ಪಾತಾಳ’ ಎಂದೂ ಕೆಲವೆಡೆ ‘ನರಕ’ ಎಂದೂ ಇರುವುದನ್ನು ಕಾಣಬಹುದು. ಇವೆರಡೂ ಒಂದೇ ಅಲ್ಲ. ಹೀಬ್ರೂ ಭಾಷೆಯ ‘ಷಿಯೋಲ್’ ಮತ್ತು ಗ್ರೀಕಿನ ‘ಹೇಡೀಸ್’ ಎಂಬವಕ್ಕೆ ಪಾತಾಳವೆಂದೂ, ‘ಗೆಹೆನ್ನ’ ಎಂಬುದಕ್ಕೆ ನರಕವೆಂದೂ ಕನ್ನಡದಲ್ಲಿ ನಿಂತಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಭಾಷಾಂತರ ಕಾರ್ಯ 1831ರ ವೇಳೆಗೆ ಸಂಪೂರ್ಣ ಬೈಬಲ್ಲಾಗಿ ಹೊರಬಂದಿತು. ಅದರ ತರುವಾಯ ಎಷ್ಟೋ ಪರಿಷ್ಕರಣಗಳಾಗಿವೆ. ಇಂಗ್ಲಿಷಿನವರಿಗಿಂತ ನಮ್ಮ ಭಾಷಾಂತರಕಾರರು ಈ ಒಂದು ವಿಷಯದಲ್ಲಿ ಹೆಚ್ಚು ಎಚ್ಚರ ತೋರಿದರೆಂದೇ ಹೇಳಬೇಕು. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನಲ್ಲಿ ಷಿಯೋಲ್, ಹೇಡೀಸ್, ಗೆಹೆನ್ನ, ಟಾರ್ಟರಸ್ ಎಂಬ ನಾಲ್ಕು ಬೇರೆ ಬೇರೆ ಮಾತುಗಳಿಗೂ ‘ಹೆಲ್’ ಎಂಬ ಒಂದೇ ಪದವನ್ನು ಹಾಕಿಬಿಟ್ಟರು. ಆ ಹೆಲ್ ಎಂಬುದಾದರೂ ಬೈಬಲ್ಲಿನ ಪದವೇ? ಅಲ್ಲ. ಮುಚ್ಚು, ಮರೆಮಾಡು ಎಂಬರ್ಥದ ಧಾತುವಿನಿಂದ ಬಂದ, ಉತ್ತರ ಯುರೋಪಿನ ಹಳೆಯ ಜನಾಂಗಗಳ ಮೃತ್ಯುಲೋಕದ ಹೆಸರು ಅದು. ನಾಲ್ಕು ನದಿಗಳನ್ನು ಒಂದೇ ಕೆರೆಗೆ ತಿರುಗಿಸಿದಂತಾಯಿತು. ಆ ಮೇಲೆ ಯಾವ ನೀರು ಯಾವುದೆಂದು ಗುರುತಿಸುವವರಾರು?

ಹಳೆಯ ಒಡಂಬಡಿಕೆಯ ಷಿಯೋಲ್ ಶಿಕ್ಷೆಯ ಸ್ಥಳವಲ್ಲ. ಅದು ಸತ್ತವರೆಲ್ಲ ಸೇರುವ ಕತ್ತಲೆಯ, ಮೌನದ ನೆಲಮನೆ. ಅಲ್ಲಿ ಅರಸನಿಗೂ ಆಳಿಗೂ, ಪುಣ್ಯವಂತನಿಗೂ ಪಾಪಿಗೂ ಭೇದವಿಲ್ಲ. ಬೆಂಕಿಯೂ ಇಲ್ಲ, ಬಹುಮಾನವೂ ಇಲ್ಲ. ಮಗನಾದ ಯೋಸೇಫ ಸತ್ತನೆಂಬ ಸುಳ್ಳು ಸುದ್ದಿ ಕೇಳಿದ ಯಾಕೋಬನು, ತಾನೂ ಅಳುತ್ತಲೇ ಮಗನಿರುವ ಷಿಯೋಲಿಗೆ ಇಳಿದುಹೋಗುವೆನೆಂದು ಗೋಳಾಡಿದ ಪ್ರಸಂಗ ಆದಿಕಾಂಡದಲ್ಲಿದೆ. ಮಗನು ನರಕದಲ್ಲಿದ್ದಾನೆಂದು ಆ ಮುದುಕ ತಂದೆಯ ಅಭಿಪ್ರಾಯವಲ್ಲ. ಮಗನಿದ್ದಲ್ಲಿಗೆ ತಾನೂ ಹೋಗಬೇಕೆಂಬುದಷ್ಟೇ ಅವನ ಸಂಕಟ. ಹೀಬ್ರೂ ಗ್ರಂಥಗಳಲ್ಲಿ ಈ ಪದ 65 ಬಾರಿ ಬರುತ್ತದೆ. 1611ರ ಭಾಷಾಂತರಕಾರರು ಅದರಲ್ಲಿ 31 ಕಡೆ ‘ಹೆಲ್’ ಎಂದೂ 31 ಕಡೆ ‘ಗೋರಿ’ ಎಂದೂ ಮಾಡಿದ್ದಾರೆ. ಒಂದೇ ಪದಕ್ಕೆ ಇಷ್ಟೊಂದು ದೂರದ ಎರಡು ಅರ್ಥಗಳು ಬಂದದ್ದು, ಓದಿದವರು ತಮ್ಮ ಕಾಲದ ನರಕವನ್ನು ಹಿಂದಿನ ಕಾಲದೊಳಕ್ಕೆ ಕಂಡದ್ದರಿಂದಲೇ.

ಹಾಗಾದರೆ ಬೆಂಕಿ ಬಂದದ್ದೆಲ್ಲಿಂದ? ಇಲ್ಲಿ ನಾವು ಜೆರೂಸಲೇಮಿನ ನೆಲಕ್ಕೇ ಹೋಗಬೇಕು. ಹಳೆಯ ಪಟ್ಟಣದ ದಕ್ಷಿಣಕ್ಕೆ, ನೈರುತ್ಯದಿಂದ ಬಳಸಿ ಬರುವ ಒಂದು ಕಣಿವೆಯುಂಟು. ಹೀಬ್ರೂವಿನಲ್ಲಿ ಅದಕ್ಕೆ ‘ಗೇ ಹಿನ್ನೋಮ್’, ಎಂದರೆ ಹಿನ್ನೋಮನ ಕಣಿವೆ ಎಂದು ಹೆಸರು. ಗೆಹೆನ್ನ ಎಂಬುದು ಇದರದೇ ಗ್ರೀಕ್ ಉಚ್ಚಾರ. ಕ್ರೈಸ್ತ ಜಗತ್ತಿನ ನರಕ ಭೂಪಟದಲ್ಲಿ ಬೆರಳಿಟ್ಟು ತೋರಿಸಬಹುದಾದ ಸ್ಥಳ! ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಬಂಡೆ, ಹುಲ್ಲು, ಓಲಿವ್ ಮರಗಳು.

ಆ ಕಣಿವೆಗೆ ಕೆಟ್ಟ ಹೆಸರು ಬಂದದ್ದು ಮಕ್ಕಳ ಕಾರಣದಿಂದ. ಯೆಹೂದದ ಅರಸರಾದ ಆಹಾಜನೂ ಮನಸ್ಸೆಯೂ ಅಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಟ್ಟರೆಂದು ಬೈಬಲ್ಲಿನ ಅರಸರ ವೃತ್ತಾಂತಗಳು ಹೇಳುತ್ತವೆ. ಬಲಿ ಕೊಡುತ್ತಿದ್ದ ಜಾಗಕ್ಕೆ ತೋಫೆತ್ ಎಂದೂ ದೇವತೆಗೆ ಮೋಲೆಕನೆಂದೂ ಹೆಸರು. ಕ್ರಿಸ್ತಪೂರ್ವ 7ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಯೋಷೀಯನೆಂಬ ಅರಸನು ಆ ಜಾಗವನ್ನು ಹೊಲೆಗೆಡಿಸಿ ಈ ಆಚರಣೆಯನ್ನು ನಿಲ್ಲಿಸಿದನು. ಅದೇ ಕಾಲದ ಪ್ರವಾದಿ ಯೆರೆಮೀಯನು, ಇಂಥ ಕ್ರಿಯೆಯನ್ನು ದೇವರು ಆಜ್ಞಾಪಿಸಿದ್ದಿಲ್ಲ, ಅದು ಅವನ ಮನಸ್ಸಿಗೂ ಬಂದಿರಲಿಲ್ಲವೆಂದು ಸಾರಿ, ಆ ಕಣಿವೆಗೆ ಇನ್ನು ಸಂಹಾರದ ಕಣಿವೆಯೆಂದೇ ಹೆಸರಾಗುವುದೆಂದು ಶಪಿಸಿದನು. ಮಕ್ಕಳನ್ನು ಬೆಂಕಿಗೆ ಹಾಕುವುದು ದೇವರ ಮನಸ್ಸಿಗೇ ಬಾರದ ಕಾರ್ಯವೆಂದು ಹೇಳಿದ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮಕ್ಕಳ ಪ್ರಸ್ತಾಪ ಈ ಕಥೆಯಲ್ಲಿ ಮತ್ತೆ ಬರಲಿದೆ.

ಹಿನ್ನೋಮ್ ಕಣಿವೆ ಯೇಸುವಿನ ಕಾಲದಲ್ಲಿ ಊರಿನ ಕಸ ಸುಡುವ ತಿಪ್ಪೆಯಾಗಿತ್ತು, ಆರದ ಬೆಂಕಿಯ ಮಾತು ಅದರಿಂದಲೇ ಬಂದಿತು ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಈ ಲೇಖಕನೂ ಹಿಂದೊಮ್ಮೆ ಉಪನ್ಯಾಸದಲ್ಲಿ ಹಾಗೆಯೇ ಹೇಳಿದ್ದುಂಟು. ಆದರೆ ಈ ಮಾತಿಗೆ ಸಿಗುವ ಮೊದಲ ಆಧಾರ ಕ್ರಿಸ್ತಶಕ 1200ರ ಸುಮಾರಿನ ಯೆಹೂದಿ ವ್ಯಾಖ್ಯಾನಕಾರ ದಾವಿದ್ ಕಿಮ್ಹಿಯದು. ಯೇಸುವಿನಿಂದ ಹನ್ನೆರಡು ಶತಮಾನ ಈಚಿನದು. ಉತ್ಖನನಗಳಿಂದಲೂ ಇದಕ್ಕೆ ಬೆಂಬಲ ದೊರೆತಿಲ್ಲ. ಅಗೆದಾಗ ದೊರೆತದ್ದೇ ಬೇರೆ. 1979ರಲ್ಲಿ ಗೇಬ್ರಿಯಲ್ ಬಾರ್ಕಾಯ್ ಎಂಬ ಪುರಾತತ್ವಜ್ಞರು ಕಣಿವೆಯ ಮೇಲಂಚಿನ ಹಳೆಯ ಗೋರಿಗಳಲ್ಲಿ ಬೆರಳುದ್ದಕ್ಕಿಂತ ಚಿಕ್ಕವಾದ ಎರಡು ಬೆಳ್ಳಿಯ ಸುರುಳಿಗಳನ್ನು ಕಂಡರು. ತೆಳುವಾದ ಆ ತಗಡನ್ನು ಮುರಿಯದಂತೆ ಬಿಡಿಸಲು ವರ್ಷಗಳೇ ಹಿಡಿದವು. ಅದರಲ್ಲಿ ಕೊರೆದಿದ್ದುದು, ದೇವರು ನಿನ್ನನ್ನು ಹರಸಿ ಕಾಪಾಡಲಿ ಎಂಬ ಭಾವದ, ಅರಣ್ಯಕಾಂಡದಲ್ಲಿ ಬರುವ ಯಾಜಕರ ಆಶೀರ್ವಚನ. ಬೈಬಲ್ಲಿನ ಮಾತುಗಳನ್ನುಳ್ಳ, ಈವರೆಗೆ ದೊರೆತಿರುವ ಅತ್ಯಂತ ಪ್ರಾಚೀನ ಬರಹ ಅದೇ. ದೊರೆತದ್ದು ನರಕದ ದಂಡೆಯ ಮೇಲೆ.

ಶಿಕ್ಷೆಯ ಕಲ್ಪನೆ ಯೆಹೂದಿ ಮನಸ್ಸಿನಲ್ಲಿ ಬೇರೂರಿದ್ದು ಒಂದು ಕಷ್ಟಕಾಲದಲ್ಲಿ. ಕ್ರಿಸ್ತಪೂರ್ವ 167ರ ಸುಮಾರಿಗೆ ಸಿರಿಯದ ಗ್ರೀಕ್ ಅರಸು ನಾಲ್ಕನೆಯ ಆಂಟಿಯೋಕಸ್ ಜೆರೂಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿ, ಧರ್ಮಾಚರಣೆಯನ್ನೇ ನಿಷೇಧಿಸಿದನು. ಶಿಶುಗಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನೂ ಕೊಲ್ಲಿಸಿದನೆಂದು ಮಕ್ಕಾಬಿಯರ ಗ್ರಂಥಗಳು ಹೇಳುತ್ತವೆ. ಧರ್ಮ ಬಿಟ್ಟವನು ಸುಖವಾಗಿದ್ದಾನೆ, ಧರ್ಮ ಉಳಿಸಿದವನು ಸತ್ತಿದ್ದಾನೆ. ಸತ್ತ ಮೇಲೆ ಇಬ್ಬರಿಗೂ ಒಂದೇ ಷಿಯೋಲ್ ಎಂದರೆ ದೇವರ ನ್ಯಾಯವೆಲ್ಲಿ? ಈ ಸಂಕಟದ ನಡುವೆ ರೂಪುಗೊಂಡ ದಾನಿಯೇಲನ ಗ್ರಂಥದ ಕೊನೆಯಲ್ಲಿ, ಸತ್ತವರು ಎದ್ದು ಬರುವರು, ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿತ್ಯ ನಿಂದೆ ಎಂಬ ಮಾತು ಮೊದಲಬಾರಿಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೂ ಸ್ವಲ್ಪ ಹಿಂದಿನ ಹನೋಕನ ಗ್ರಂಥದಲ್ಲಿ ಸತ್ತವರ ಆತ್ಮಗಳನ್ನು ಬೇರೆ ಬೇರೆಯಾಗಿ ಇರಿಸುವ ಗವಿಗಳ ವರ್ಣನೆಯಿದೆ. ಜೆರೂಸಲೇಮಿನ ಪಕ್ಕದ ಶಾಪಗ್ರಸ್ತ ಕಣಿವೆಯ ಮಾತೂ ಇದೆ. 1947ರಿಂದ ಮೃತಸಮುದ್ರದ ಗವಿಗಳಲ್ಲಿ ದೊರೆಯತೊಡಗಿದ ಸುರುಳಿಗಳಲ್ಲಿ ಈ ಗ್ರಂಥದ ಅರಾಮೈಕ್ ತುಣುಕುಗಳು ಸಿಕ್ಕಿ, ಅದರ ಪ್ರಾಚೀನತೆ ಖಚಿತವಾಗಿದೆ.

ಬಾಬಿಲೋನಿನ ಸೆರೆವಾಸದ ತರುವಾಯ ಎರಡು ಶತಮಾನ ಪಾರಸೀಕರ ಆಳ್ವಿಕೆಯಲ್ಲಿದ್ದ ಯೆಹೂದಿಗಳು, ಜರತುಷ್ಟ್ರನ ಅನುಯಾಯಿಗಳಿಂದ ತೀರ್ಪು, ಪುನರುತ್ಥಾನಗಳ ಕಲ್ಪನೆಯನ್ನು ಪಡೆದರೆಂದು ಅನೇಕ ವಿದ್ವಾಂಸರ ಮತ. ಎಷ್ಟರಮಟ್ಟಿಗೆ ಎಂಬುದರಲ್ಲಿ ಒಮ್ಮತವಿಲ್ಲ. ಗ್ರೀಕರ ಪ್ರಭಾವವಂತೂ ನಿಸ್ಸಂದೇಹ. ಪ್ಲೇಟೋ ತನ್ನ ಸಂವಾದಗಳಲ್ಲಿ ಸತ್ತವರ ವಿಚಾರಣೆಯನ್ನೂ ಟಾರ್ಟರಸ್ಸಿನ ಯಾತನೆಯನ್ನೂ ವರ್ಣಿಸಿದ್ದನು. ಅಲೆಕ್ಸಾಂಡ್ರಿಯದಲ್ಲಿ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಷಿಯೋಲಿಗೆ ಹೇಡೀಸ್ ಎಂದು ಬರೆದಾಗ, ಆ ಒಂದು ಪದದ ಜೊತೆಗೆ ಗ್ರೀಕರ ಇಡೀ ಪಾತಾಳಲೋಕ ಒಳಬಂದಿತು.

ಯೇಸುವು ಗೆಹೆನ್ನದ ಮಾತನ್ನಾಡಿದ್ದು ನಿಜ. ಹೊಸ ಒಡಂಬಡಿಕೆಯಲ್ಲಿ ಈ ಪದ 12 ಬಾರಿ ಬರುತ್ತದೆ. 11 ಬಾರಿ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಯೇಸುವಿನ ಬಾಯಲ್ಲಿ, ಒಮ್ಮೆ ಯಾಕೋಬನ ಪತ್ರದಲ್ಲಿ. ಯೋಹಾನನ ಸುವಾರ್ತೆಯಲ್ಲಿಲ್ಲ. ಕ್ರೈಸ್ತ ಧರ್ಮವನ್ನು ಊರೂರಿಗೆ ಒಯ್ದ ಪೌಲನ ಪತ್ರಗಳಲ್ಲಿ ಒಮ್ಮೆಯೂ ಇಲ್ಲವೆಂಬುದು ಗಮನಾರ್ಹ. ಯಾರನ್ನು ಕುರಿತು ಯೇಸು ಈ ಮಾತಾಡಿದ ಎಂಬುದೂ ವಿಚಾರಾರ್ಹವೇ. ಸೋದರನನ್ನು ಮೂರ್ಖನೆಂದು ಜರೆದವರು, ಚಿಕ್ಕವರನ್ನು ದಾರಿತಪ್ಪಿಸಿದವರು, ಕಪಟಿಗಳಾದ ಧರ್ಮಬೋಧಕರು, ಇವರೇ ಅವನ ಲಕ್ಷ್ಯ. ಮತ್ತಾಯನ 25ನೆಯ ಅಧ್ಯಾಯದ ಅಂತಿಮ ತೀರ್ಪಿನ ದೃಶ್ಯದಲ್ಲಿ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಾಗ ಕೇಳುವ ಪ್ರಶ್ನೆ ನಂಬಿಕೆಯನ್ನು ಕುರಿತದ್ದಲ್ಲ. ಹಸಿದವನಿಗೆ ಅನ್ನವಿಟ್ಟೆಯಾ, ಪರದೇಶಿಯನ್ನು ಮನೆಗೆ ಕರೆದೆಯಾ, ರೋಗಿಯನ್ನು ನೋಡಿಬಂದೆಯಾ ಎಂಬುದು. ಲೂಕನ ಸುವಾರ್ತೆಯ ಸಾಮತಿಯಲ್ಲಿ ಯಾತನೆಗೊಳಗಾಗುವ ಶ್ರೀಮಂತನ ತಪ್ಪು, ಬಾಗಿಲಲ್ಲಿ ಬಿದ್ದಿದ್ದ ಲಾಜರನೆಂಬ ಭಿಕ್ಷುಕನನ್ನು ಕಣ್ಣೆತ್ತಿ ನೋಡದೆ ಉಂಡದ್ದು. ಹಾಗೆಂದು ಹೊಸ ಒಡಂಬಡಿಕೆ ಮೃದುವೆಂದು ಹೇಳಿದರೆ ಅದೂ ಅಸತ್ಯವಾದೀತು. ಪ್ರಕಟನೆ ಗ್ರಂಥದ ಬೆಂಕಿಯ ಕೆರೆ ಅಲ್ಲಿದೆ. ಆ ಕೆರೆಗೆ ಕೊನೆಯಲ್ಲಿ ಮೃತ್ಯುವನ್ನೂ ಪಾತಾಳವನ್ನೂ ಕೂಡ ದೊಬ್ಬಲಾಗುವುದೆಂದು ಆ ಗ್ರಂಥವೇ ಹೇಳುತ್ತದೆ.

ಅದೇ ಕಣಿವೆಯ ಹೆಸರನ್ನು ಉಳಿಸಿಕೊಂಡ ಯೆಹೂದಿ ಸಂಪ್ರದಾಯ ಬೇರೊಂದು ದಾರಿ ಹಿಡಿಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅವರ ಮಿಷ್ನಾ ಗ್ರಂಥದಲ್ಲಿ ದುಷ್ಟರಿಗೆ ಗೆಹಿನ್ನೋಮಿನ ಶಿಕ್ಷೆ ಹನ್ನೆರಡು ತಿಂಗಳು ಎಂಬ ಅಭಿಪ್ರಾಯವಿದೆ. ತಂದೆತಾಯಿ ತೀರಿಕೊಂಡಾಗ ಮಕ್ಕಳು ಕದ್ದೀಶ್ ಎಂಬ ಪ್ರಾರ್ಥನೆಯನ್ನು ನಿತ್ಯ ಹೇಳುತ್ತಾರಷ್ಟೆ. ಅದನ್ನು ಹನ್ನೊಂದು ತಿಂಗಳಿಗೇ ನಿಲ್ಲಿಸುವುದು ರೂಢಿ. ಹನ್ನೆರಡೂ ತಿಂಗಳು ಹೇಳಿದರೆ ನಮ್ಮ ತಂದೆ ದುಷ್ಟನೆಂದು ನಾವೇ ಒಪ್ಪಿಕೊಂಡಂತಾದೀತಲ್ಲವೇ! ಮಕ್ಕಳ ಅಂತಃಕರಣ ಶಾಸ್ತ್ರದೊಳಗೆ ಕಂಡುಕೊಂಡ ಈ ಸಣ್ಣ ಸಂದಿ ನನಗೆ ಬಹಳ ಇಷ್ಟವಾದದ್ದು.

ಕ್ರೈಸ್ತರಲ್ಲಿ ನರಕದ ಮೊದಲ ಯಾತ್ರಾವರ್ಣನೆ 2ನೆಯ ಶತಮಾನದ ‘ಪೇತ್ರನ ಪ್ರಕಟನೆ’. ಬೈಬಲ್ಲಿಗೆ ಸೇರದೆ ಹೋದ ಈ ಗ್ರಂಥದ ಗ್ರೀಕ್ ಹಾಳೆಗಳು 1886-87ರ ಚಳಿಗಾಲದಲ್ಲಿ ಈಜಿಪ್ಟಿನ ಅಖ್ಮೀಮಿನ ಗೋರಿಯೊಂದರಲ್ಲಿ ದೊರೆತವು. ದೇವದೂಷಕರನ್ನು ನಾಲಿಗೆಯಿಂದ ತೂಗುಹಾಕಿರುವುದು ಮುಂತಾಗಿ, ಪಾಪಕ್ಕೆ ತಕ್ಕ ಅಂಗಕ್ಕೆ ತಕ್ಕ ಯಾತನೆ ಇದರಲ್ಲಿದೆ. ಆದರೆ ಈ ಗ್ರಂಥದ ಒಂದು ಹಳೆಯ ತುಣುಕಿನಲ್ಲಿ, ಸಜ್ಜನರು ಯಾರನ್ನು ಬಿಡಿಸಬೇಕೆಂದು ಕೇಳಿಕೊಳ್ಳುತ್ತಾರೋ ಅವರನ್ನು ಯಾತನೆಯಿಂದ ಬಿಡಿಸಲಾಗುವುದೆಂಬ ಭರವಸೆಯೂ ಇದೆ. ಮೊದಲ ನರಕದಲ್ಲಿಯೇ ಬಾಗಿಲಿಗೊಂದು ಚಿಲಕವಿತ್ತು. ಮುಂದೆ ಅದನ್ನು ಯಾರು ಹಾಕಿದರು?

3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಮಹಾಪಂಡಿತ ಓರಿಜನ್, ದೇವರ ಬೆಂಕಿ ಬಂಗಾರವನ್ನು ಶೋಧಿಸುವ ಬೆಂಕಿಯಂತೆ, ಕೊನೆಗೆ ಸಕಲ ಜೀವಿಗಳೂ ದೇವರಲ್ಲಿಗೆ ಮರಳುವರೆಂದು ಪ್ರತಿಪಾದಿಸಿದನು. 4ನೆಯ ಶತಮಾನದಲ್ಲಿ ನಿಸ್ಸದ ಗ್ರೆಗರಿಯ ನಿಲುವೂ ಇದೇ. ಇಂಥ ಕರುಣಾಳುಗಳನ್ನು ತುಸು ಕುಹಕದಿಂದಲೇ ಎದುರಿಸಿ ನಿತ್ಯ ಶಿಕ್ಷೆಯನ್ನು ಪಶ್ಚಿಮದ ಚರ್ಚಿನಲ್ಲಿ ಸ್ಥಿರಗೊಳಿಸಿದವನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ (354–430). 426ರಲ್ಲಿ ಮುಗಿದ ಅವನ ‘ದೇವನಗರಿ’ ಗ್ರಂಥದ 21ನೆಯ ಭಾಗ ಇದಕ್ಕೇ ಮೀಸಲು. ದೇಹ ಸುಟ್ಟುಹೋಗದೆ ಶಾಶ್ವತವಾಗಿ ಸುಡುತ್ತಿರುವುದು ಹೇಗೆ ಸಾಧ್ಯ ಎಂಬ ಆಕ್ಷೇಪಕ್ಕೆ ಅವನು ಕೊಡುವ ನಿದರ್ಶನಗಳಲ್ಲಿ ಒಂದು ನವಿಲಿನ ಮಾಂಸ. ಕಾರ್ತೇಜಿನಲ್ಲಿ ಬಡಿಸಿದ ನವಿಲಿನ ಮಾಂಸದ ತುಂಡೊಂದನ್ನು ತೆಗೆದಿರಿಸಿ, ತಿಂಗಳಾದ ಮೇಲೂ ವರ್ಷವಾದ ಮೇಲೂ ಪರೀಕ್ಷಿಸಿ, ತುಸು ಒಣಗಿದ್ದು ಬಿಟ್ಟರೆ ಕೆಟ್ಟಿರಲಿಲ್ಲವೆಂದು ಬರೆದಿದ್ದಾನೆ! ಅಷ್ಟು ದೊಡ್ಡ ಬುದ್ಧಿ ಇಂಥ ಸಾಕ್ಷ್ಯಕ್ಕೆ ಇಳಿಯಬೇಕಾಯಿತೆಂಬುದೇ ಆಕ್ಷೇಪದ ಬಲವನ್ನು ತೋರಿಸುತ್ತದೆ. ಓರಿಜನ್ನನ ಬೋಧನೆ 6ನೆಯ ಶತಮಾನದಲ್ಲಿ, ಚಕ್ರವರ್ತಿ ಜಸ್ಟೀನಿಯನ್ನನ ಕಾಲದಲ್ಲಿ ಖಂಡನೆಗೊಳಗಾಯಿತು. ಗ್ರೆಗರಿಯನ್ನು ಮಾತ್ರ ಯಾರೂ ಖಂಡಿಸಲಿಲ್ಲ. ಅವನು ಇಂದಿಗೂ ಸಂತನೇ. ಪೂರ್ವದ ಚರ್ಚುಗಳಲ್ಲಿ ಆ ಧ್ವನಿ ಪೂರ್ತಿ ಅಡಗಲೂ ಇಲ್ಲ. 7ನೆಯ ಶತಮಾನದ ಸಿರಿಯಕ್ ಸಂತ ನಿನೆವೆಯ ಇಸಾಕನು, ನರಕದಲ್ಲಿರುವವರನ್ನು ನೋಯಿಸುವುದು ಪ್ರೀತಿಗೆ ತಾವು ಎರಡು ಬಗೆದೆವೆಂಬ ಅರಿವೇ ಎಂದು ತಿಳಿದಿದ್ದನು.

ನರಕಕ್ಕೂ ಸ್ವರ್ಗಕ್ಕೂ ನಡುವಣ ಶುದ್ಧೀಕರಣದ ಸ್ಥಳವೊಂದು ಒಂದು ನಾಮಪದವಾಗಿ ರೂಪುಗೊಂಡದ್ದು 12ನೆಯ ಶತಮಾನದ ಉತ್ತರಾರ್ಧದಲ್ಲಿ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ 1981ರಲ್ಲಿ ತೋರಿಸಿಕೊಟ್ಟರು. 1321ರಲ್ಲಿ ತೀರಿಕೊಂಡ ಇಟಲಿಯ ಮಹಾಕವಿ ಡಾಂಟೆ ಈ ಮೂರೂ ಲೋಕಗಳಿಗೆ ಅಳತೆಗೋಲು ಹಿಡಿದು ನಕ್ಷೆ ಬರೆದನು. ಅವನ ನರಕದ ತಳದಲ್ಲಿರುವುದು ಬೆಂಕಿಯಲ್ಲ, ಹೆಪ್ಪುಗಟ್ಟಿದ ಕೆರೆ. ಪೋಪರೂ ಕೆಲವರು ಅವನ ನರಕದಲ್ಲಿದ್ದಾರೆ. ಚಿತ್ರಕಾರರೂ ಹಿಂದೆ ಬೀಳಲಿಲ್ಲ. 1541ರಲ್ಲಿ ಮುಗಿದ ಮೈಕೆಲೇಂಜೆಲೋನ ಅಂತಿಮ ತೀರ್ಪಿನ ಭಿತ್ತಿಚಿತ್ರದಲ್ಲಿ, ಚಿತ್ರವನ್ನು ಹಳಿದ ಅರಮನೆಯ ಅಧಿಕಾರಿಯೊಬ್ಬನ ಮುಖವನ್ನೇ ನರಕದ ನ್ಯಾಯಾಧಿಪತಿಗೆ ಅಂಟಿಸಲಾಗಿದೆ. ಅವನು ದೂರು ಒಯ್ದಾಗ ಪೋಪರು, ನರಕದ ಮೇಲೆ ತಮಗೆ ಅಧಿಕಾರವಿಲ್ಲವೆಂದು ನಕ್ಕು ಕಳುಹಿಸಿದರೆಂದು ಕತೆಯಿದೆ.

ನಗುವ ಮಾತು ಇಲ್ಲಿಗೆ ಮುಗಿಯಿತು. ಸ್ನಾನಸಂಸ್ಕಾರವಾಗದೆ ಸತ್ತ ಕೂಸಿನ ಗತಿಯೇನು? ಮೂಲಪಾಪವನ್ನು ಹೊತ್ತೇ ಹುಟ್ಟಿದ ಆ ಶಿಶುವಿಗೂ ದಂಡನೆ ತಪ್ಪದು, ಆದರೆ ಅದು ಎಲ್ಲಕ್ಕಿಂತ ಸೌಮ್ಯವಾದ ದಂಡನೆ ಎಂದು ಅಗಸ್ಟೀನನು ತರ್ಕಿಸಿದ್ದನು. ತರ್ಕ ನೇರವಾಗಿಯೇ ಇತ್ತು. ಆದರೆ ಅದನ್ನು ಸಹಿಸುವುದು ಜನಕ್ಕೆ ಆಗಲಿಲ್ಲ. ಮಧ್ಯಯುಗದ ಪಂಡಿತರು ನರಕದ ಅಂಚಿನಲ್ಲಿ ‘ಲಿಂಬೋ’ ಎಂಬ ನೋವಿಲ್ಲದ ಜಾಗವನ್ನು ಕಲ್ಪಿಸಿಕೊಟ್ಟರು. ಯಾತನೆಯಿಲ್ಲ, ದೇವರ ದರ್ಶನವೂ ಇಲ್ಲ. ತಾಯಿಗೆ ಇದರಿಂದ ಸಮಾಧಾನವಾದೀತೇ? ತಾನು ಸತ್ತು ಸ್ವರ್ಗಕ್ಕೆ ಹೋದರೂ ಕೂಸು ಅಲ್ಲಿರುವುದಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ ಓಬರ್‌ಬ್ಯೂರೆನ್ ಎಂಬಲ್ಲಿ 15ನೆಯ ಶತಮಾನದಲ್ಲಿ ಮೇರಿಮಾತೆಯ ಒಂದು ಗುಡಿಯಿತ್ತು. ಸತ್ತು ಹುಟ್ಟಿದ ಮಕ್ಕಳನ್ನು ದೂರದೂರದಿಂದ ಅಲ್ಲಿಗೆ ಹೊತ್ತು ತರುತ್ತಿದ್ದರು. ಕೆಂಡಗಳ, ಮೇಣದ ಬತ್ತಿಗಳ ನಡುವೆ ಕೂಸನ್ನು ಮಲಗಿಸಿ ಬೆಚ್ಚಗೆ ಮಾಡಿ, ತುಟಿಯ ಮೇಲೊಂದು ಗರಿಯನ್ನು ಇಡುತ್ತಿದ್ದರು. ಗರಿ ಅಲುಗಿದರೆ ಕೂಸು ಉಸಿರಾಡಿತೆಂದು ಲೆಕ್ಕ. ಆ ಒಂದು ಕ್ಷಣದಲ್ಲಿ ಸ್ನಾನಸಂಸ್ಕಾರ ಮಾಡಿ, ಮರುಕ್ಷಣ ಪವಿತ್ರ ನೆಲದಲ್ಲಿ ಹೂಳುತ್ತಿದ್ದರು. ಹೀಗೆ ತರಲಾದ ಮಕ್ಕಳ ಸಂಖ್ಯೆ ಎರಡು ಸಾವಿರವೆಂದು ಕಾನ್‌ಸ್ಟನ್ಸಿನ ಬಿಷಪ್ಪನು 1486ರಲ್ಲಿ ರೋಮಿಗೆ ದೂರಿ ಬರೆದನು. ಅವನ ಕಣ್ಣಿಗೆ ಇದು ಮೂಢನಂಬಿಕೆ. 1528ರಲ್ಲಿ ಪ್ರಾಟೆಸ್ಟಂಟ್ ಸುಧಾರಕರು ಆ ತೀರ್ಥಯಾತ್ರೆಯನ್ನು ಕೊನೆಗೊಳಿಸಿದರು, ಗುಡಿ ನೆಲಸಮವಾಯಿತು. 1990ರ ದಶಕದಲ್ಲಿ ಅಲ್ಲಿ ಅಗೆದಾಗ ಸುಮಾರು 250 ಶಿಶುಗಳ ಎಲುಬುಗಳು ದೊರೆತವು, ಅವಧಿ ತುಂಬದವೂ ಅವುಗಳಲ್ಲಿದ್ದವು. ಬಿಷಪ್ಪನು ಹೇಳಿದ್ದು ಶಾಸ್ತ್ರಸಮ್ಮತವೇ ಇರಬಹುದು. ಗರಿಯನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಂತ ಆ ತಂದೆಯರನ್ನು ಮೂಢರೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಐರ್ಲೆಂಡಿನಲ್ಲಿ ಇದು 20ನೆಯ ಶತಮಾನದವರೆಗೂ ನಡೆಯಿತು. ಅಲ್ಲಿ ಸಂಸ್ಕಾರವಾಗದ ಶಿಶುಗಳಿಗೆ ಚರ್ಚಿನ ಸ್ಮಶಾನದಲ್ಲಿ ಸ್ಥಳವಿರಲಿಲ್ಲ. ತಂದೆಯೋ ನೆರೆಯವನೋ ಒಂದು ಚಿಕ್ಕ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಕತ್ತಲಾದ ಮೇಲೆ ಹೋಗಿ, ಹೊಲದ ಮೇರೆಯಲ್ಲೋ ಹಳೆಯ ಪಾಳುಕೋಟೆಯ ದಿಬ್ಬದಲ್ಲೋ ಕೆರೆಯ ದಂಡೆಯಲ್ಲೋ ಹೂಳಿ ಬರುತ್ತಿದ್ದನು. ಗುರುತಿಗೆ ಒಂದು ಕಾಡುಗಲ್ಲು; ಹೆಸರಿಲ್ಲ. ‘ಕಿಲೀನ್’ ಎಂದು ಕರೆಯುವ ಇಂಥ ಜಾಗಗಳು ಆ ಚಿಕ್ಕ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಬಾಣಂತಿಯಾದ ತಾಯಿ ಮನೆಯಲ್ಲಿಯೇ ಉಳಿಯುತ್ತಿದ್ದಳು. ಎಲ್ಲಿ ಹೂಳಿದರೆಂಬುದು ಎಷ್ಟೋ ತಾಯಂದಿರಿಗೆ ತಿಳಿಯಲೇ ಇಲ್ಲ.

ಮಕ್ಕಳದು ಹೀಗಾದರೆ ಹಿರಿಯರದು? ಹಾಲೆಂಡಿನ ಕಡಲಂಚಿನ ಫ್ರೀಸಿಯನ್ನರ ಅರಸು ರಾಡ್‌ಬೋಡ್ (ಮರಣ 719) ಸ್ನಾನಸಂಸ್ಕಾರದ ತೊಟ್ಟಿಯಲ್ಲಿ ಒಂದು ಕಾಲನ್ನು ಇಟ್ಟವನು, ತನ್ನ ಪೂರ್ವಿಕರೆಲ್ಲಿದ್ದಾರೆಂದು ಕೇಳಿದನಂತೆ. ನರಕದಲ್ಲಿ ಎಂದು ಉತ್ತರ ಬಂದಿತು. ಹಾಗಾದರೆ ನಾನೂ ಅಲ್ಲಿಗೇ ಹೋಗುವೆನೆಂದು ಕಾಲನ್ನು ಹಿಂದೆಗೆದನೆಂದು ಐತಿಹ್ಯ. ಇದು ದಂತಕಥೆಯೇ ಇರಬಹುದು. ಆದರೆ ಜಪಾನಿನ ಸಂಗತಿ ದಂತಕಥೆಯಲ್ಲ. ಗೋವೆಯಲ್ಲಿ ಯಾರ ಶರೀರವನ್ನು ನಮ್ಮ ಕಡೆಯವರೂ ಹೋಗಿ ನೋಡಿ ಬರುತ್ತಾರೋ ಆ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿಗೆ ಹೋಗಿ, ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು ಹಿಂದಿರುಗಿದ ಮೇಲೆ, 1552ರ ಜನವರಿಯಲ್ಲಿ ಕೊಚ್ಚಿಯಿಂದ ಯುರೋಪಿನ ಸಂಗಡಿಗರಿಗೆ ದೀರ್ಘವಾದ ಪತ್ರ ಬರೆದರು. ಹೊಸದಾಗಿ ಕ್ರೈಸ್ತರಾದ ಜಪಾನೀಯರು ತೀರಿಕೊಂಡ ತಂದೆತಾಯಿಗಳನ್ನೂ ಮಡದಿಮಕ್ಕಳನ್ನೂ ನೆನೆದು ಅಳುತ್ತಾರೆ, ಪ್ರಾರ್ಥನೆಯಿಂದಲೋ ದಾನದಿಂದಲೋ ಅವರನ್ನು ಬಿಡಿಸಲಾಗದೇ ಎಂದು ಕೇಳುತ್ತಾರೆ, ಉಪಾಯವಿಲ್ಲವೆಂದು ನಾನು ಹೇಳುತ್ತೇನೆ ಎಂದು ಅದರಲ್ಲಿ ತಿಳಿಸಿದ್ದಾರೆ. ಅವರ ಅಳುವನ್ನು ಕಂಡು ತನಗೂ ನೋವಾಗುತ್ತದೆಂದು ಝೇವಿಯರರು ಒಪ್ಪಿಕೊಂಡಿದ್ದಾರೆ. ನಮ್ಮ ಓದುಗ ಸೋದರಿಯ ಮಗಳು ಕೇಳಿದ ಪ್ರಶ್ನೆ ಇದೇ ಅಲ್ಲವೇ? ನಾಲ್ಕೂವರೆ ಶತಮಾನಗಳ ಹಿಂದೆ ಅದಕ್ಕೆ ದೊರೆತ ಉತ್ತರ ಹೀಗಿತ್ತು. ಅದು ಝೇವಿಯರರ ಸ್ವಂತ ಕಾಠಿಣ್ಯವಲ್ಲ. ಚರ್ಚಿನ ಹೊರಗಿದ್ದವರೆಲ್ಲ ನಿತ್ಯಾಗ್ನಿಗೆ ಹೋಗುವರೆಂದು 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯೇ ಸಾರಿತ್ತು.

ಇದೇ ನೋವು ಮುಂದೆ ಕ್ರೈಸ್ತ ದೇಶಗಳೊಳಗೂ ಕುದಿಯತೊಡಗಿತು. 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಎಫ್.ಡಿ. ಮಾರಿಸ್, ‘ನಿತ್ಯ’ವೆಂದರೆ ಮುಗಿಯದ ಕಾಲವೆಂದು ಅರ್ಥವಲ್ಲವೆಂದು ಬರೆದದ್ದಕ್ಕೆ ಸ್ಥಾನ ಕಳೆದುಕೊಂಡರು. ಚಾರ್ಲ್ಸ್ ಡಾರ್ವಿನ್ ತಮ್ಮ ಆತ್ಮಕಥನದಲ್ಲಿ, ಈ ಸಿದ್ಧಾಂತ ನಿಜವಾಗಿದ್ದರೆ ತಮ್ಮ ತಂದೆ, ಅಣ್ಣ, ಆಪ್ತಮಿತ್ರರೆಲ್ಲ ಕೊನೆಯಿಲ್ಲದ ಶಿಕ್ಷೆಗೆ ಗುರಿಯಾಗಬೇಕು, ಅದು ನಿಜವಾಗಿರಲೆಂದು ಯಾರು ತಾನೇ ಬಯಸಿಯಾರೆಂದು ಕಟುವಾಗಿ ಬರೆದರು. ಭಕ್ತೆಯಾದ ಪತ್ನಿ ಎಮ್ಮಾ ಆ ಸಾಲುಗಳನ್ನು ಪ್ರಕಟಿಸಬಾರದೆಂದು ಬಯಸಿದ್ದರಿಂದ 1887ರ ಮುದ್ರಣದಲ್ಲಿ ಅವು ಬಿಟ್ಟುಹೋದವು. ಮೊಮ್ಮಗಳು ನೋರಾ ಬಾರ್ಲೋ 1958ರಲ್ಲಿ ಅವನ್ನು ಮತ್ತೆ ಸೇರಿಸಿದರು. ಡಾರ್ವಿನ್ನರ ಅವಿಶ್ವಾಸಕ್ಕೆ ಮಂಗಗಳೇ ಕಾರಣವೆಂದು ತಿಳಿಯುವವರು ಈ ಸಾಲುಗಳನ್ನು ಓದಬೇಕು.

ಕ್ಯಾಥೊಲಿಕ್ ಚರ್ಚು 1964ರ ನವೆಂಬರಿನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಪ್ರಮುಖ ಶಾಸನವೊಂದರಲ್ಲಿ, ತಮ್ಮದಲ್ಲದ ಕಾರಣದಿಂದ ಕ್ರಿಸ್ತನ ಸುವಾರ್ತೆಯನ್ನರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನರಸಿ ಅಂತರಂಗದ ಸಾಕ್ಷಿಯಂತೆ ಬಾಳಿದವರೂ ಉದ್ಧಾರ ಹೊಂದಬಲ್ಲರೆಂದು ಘೋಷಿಸಿತು. ಫ್ಲಾರೆನ್ಸಿನಿಂದ ಇಲ್ಲಿಗೆ ಐದು ಶತಮಾನಗಳ ದಾರಿ. 1999ರ ಜುಲೈಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ನರಕವೆಂಬುದು ಒಂದು ಸ್ಥಳ ಎನ್ನುವುದಕ್ಕಿಂತ, ದೇವರಿಂದ ತಾವಾಗಿಯೇ ದೂರವಾದವರ ಸ್ಥಿತಿ ಎಂದರು. 2007ರಲ್ಲಿ ಪೋಪರ ಅನುಮತಿಯೊಡನೆ ಹೊರಬಂದ ದೇವಶಾಸ್ತ್ರಜ್ಞರ ಮಂಡಲಿಯ ವರದಿ, ಸಂಸ್ಕಾರವಿಲ್ಲದೆ ಸತ್ತ ಶಿಶುಗಳೂ ಮುಕ್ತಿ ಪಡೆಯುವವೆಂದು ಆಶಿಸಲು ಬಲವಾದ ಕಾರಣಗಳಿವೆಯೆಂದು ಹೇಳಿತು. ಲಿಂಬೋ ಅತಿ ಸಂಕುಚಿತ ದೃಷ್ಟಿಯೆಂಬುದು ಆ ವರದಿಯ ಅಭಿಪ್ರಾಯ. ಐರ್ಲೆಂಡಿನ ಕಿಲೀನ್‌ಗಳಲ್ಲಿ ಕೆಲವಕ್ಕೆ ಪಾದ್ರಿಗಳು ಬಂದು ಆಶೀರ್ವಾದ ಮಾಡಿದ್ದಾರೆ, ಕೆಲವೆಡೆ ಸ್ಮಾರಕಶಿಲೆಗಳೂ ನಿಂತಿವೆ. ತಡವಾಯಿತು, ನಿಜ.

ಪ್ರಾಟೆಸ್ಟಂಟ್ ಪಂಗಡಗಳಲ್ಲಿ ಒಂದು ಮಾತಿಲ್ಲ. ನಂಬದವರಿಗೆ ನಿತ್ಯಾಗ್ನಿ ಎಂದು ಇಂದಿಗೂ ಅಕ್ಷರಶಃ ಬೋಧಿಸುವ ಸಭೆಗಳು ಅನೇಕ. ಕೆಟ್ಟವರು ಕೊನೆಗೆ ಇಲ್ಲವಾಗುವರು, ನಿತ್ಯ ಯಾತನೆಯಿಲ್ಲ ಎನ್ನುವವರುಂಟು. ಓರಿಜನ್ನನ ದಾರಿಗೆ ಮರಳಿದವರೂ ಉಂಟು. ಆದ್ದರಿಂದ ‘ಕ್ರೈಸ್ತ ಧರ್ಮ ಹೀಗೆ ಹೇಳುತ್ತದೆಯೇ’ ಎಂಬ ಪ್ರಶ್ನೆಗೆ, ಕೆಲವರು ಹೇಳುತ್ತಾರೆ, ಬಹಳ ಕಾಲ ಬಹುಪಾಲು ಜನ ಹೇಳಿದರು, ಹೇಳಬಾರದೆಂದು ವಾದಿಸಿದ ಕ್ರೈಸ್ತರು ಮೊದಲಿನಿಂದಲೂ ಇದ್ದರು ಎಂಬುದೇ ಉತ್ತರ.

ಪತ್ರದ ಕೊನೆಯಲ್ಲಿ ಸೋದರಿ ಇನ್ನೊಂದು ಮಾತು ಕೇಳಿದ್ದಾರೆ. ಶಾಲೆಗೆ ಹೋಗಿ ಆ ಸಹಪಾಠಿಯ ಮೇಲೆ ದೂರು ಕೊಡಬೇಕೆಂದು ಮನೆಯ ಗಂಡಸರ ಅಭಿಪ್ರಾಯವಂತೆ. ಬೇಡವೆಂದು ಅವರಿಗೆ ಬೇರೆಯಾಗಿ ಬರೆದಿದ್ದೇನೆ. ಒಂಬತ್ತು ವರ್ಷದ ಆ ಹುಡುಗಿ ತಾನು ಕೇಳಿದ್ದನ್ನು ಹೇಳಿದಳು. ಅವಳಿಗೂ ಒಬ್ಬ ಅಜ್ಜಿಯಿರಬಹುದು, ತನಗೂ ರಾತ್ರಿ ಭಯವಾಗುತ್ತಿರಬಹುದು. ಒಂದು ಭಾನುವಾರ ಅವಳನ್ನು ಮನೆಗೆ ಊಟಕ್ಕೆ ಕರೆಯಿರಿ ಎಂದಿದ್ದೇನೆ. ಮಗಳಿಗೆ ಯೆರೆಮೀಯನ ಮಾತನ್ನು ತಿಳಿಸಬಹುದು. ಬೆಳ್ಳಿಯ ಸುರುಳಿಯ ಕತೆಯನ್ನಂತೂ ಮಕ್ಕಳಿಬ್ಬರಿಗೂ ಹೇಳಬಹುದು.